ಹಿಮ್ಮಡಿ ಮುಂದಾದ ವರ್ಷ

ಪ್ಲಾಸ್ಟಿಕ್ ಹಾಳೆಯನ್ನು ಭಟ್ಟಿಯಲ್ಲಿಟ್ಟು ಕಾಯಿಸಿದಾಗ ಏಳುವ ವಾಸನೆ ಯಾರಿಗೂ ಹಿತವಾಗುವಂಥದ್ದಲ್ಲ. ಒಂದಿಷ್ಟು ಸುಟ್ಟ ರಬ್ಬರಿನ ಹಾಗೆ, ಒಂದಿಷ್ಟು ಹೊಸ ಚಪ್ಪಲಿ ಅಂಗಡಿಯ ಹಾಗೆ ಇರುತ್ತದೆ. ಕಳೆದ ತಿಂಗಳು ಹೊಸ ಕಾಲು ಮಾಡಿಸಿಕೊಳ್ಳಲು ಹೈದರಾಬಾದಿಗೆ ಹೋಗಿದ್ದೆ. ಕೃತಕ ಕಾಲು ತಯಾರಿಸುವ ಜಾಗದ ಹೊಸ್ತಿಲು ದಾಟುತ್ತಿದ್ದಂತೆ ಆ ವಾಸನೆ ಮೂಗಿಗೆ ಬಡಿಯಿತು, ನನಗೆ ತಡೆಯಲಾರದ ನಗು ಬಂತು. ಪಕ್ಕದ ಬೆಂಚಿನ ಹೆಂಗಸು ನನ್ನನ್ನೇ ನೋಡಿದಳು. ಅವಳಿಗೆ ಏನೆಂದು ಹೇಳಲಿ? ನನ್ನ ಎದೆ ಅತಿ ಹೆಚ್ಚು ಡವಗುಟ್ಟಿದ ವರ್ಷದ ವಾಸನೆ ಅದು. ಕೆಲವು ಸಲ ಹೆದರಿಕೆಯಿಂದ ಡವಗುಟ್ಟಿತ್ತು, ಅದಕ್ಕಿಂತ ಹೆಚ್ಚು ಸಲ ಖುಷಿಯಿಂದ.

ನಾನೀಗ ಸುರಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ವರ್ಷ ನಾನು ಏಳನೇ ತರಗತಿ ಮುಗಿಸಿದ್ದೆ. ನಮ್ಮ ಮನೆ ಶಹಾಪುರದಲ್ಲಿತ್ತು. ಅಪ್ಪ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಸಂಜೆ ಮನೆಗೆ ಬಂದಾಗ ಅವನ ಹುಬ್ಬಿನ ಮೇಲೆಲ್ಲ ಬಿಳಿ ಅರಳೆ ಕೂತಿರುತ್ತಿತ್ತು. ಅವ್ವ ಮನೆಯಲ್ಲೇ ಕುಬಸ ಹೊಲಿಯುತ್ತಿದ್ದಳು. ಅವರಿಗೆ ನಾನೊಬ್ಬಳೇ ಮಗಳು. ಒಂದು ಕಡೆ ಕೂತ ಹುಡುಗಿಯಲ್ಲ ನಾನು. ಬಾವಿ ಕಟ್ಟೆ, ಬೇವಿನ ಮರ, ಊರ ಹಿಂದಿನ ಗುಡ್ಡದ ಬಂಡೆ, ಹತ್ತುವಂಥದ್ದು ಏನು ಕಂಡರೂ ಹತ್ತಿಬಿಡುತ್ತಿದ್ದೆ.

ಅದಕ್ಕೇ ಬಲಗಾಲಿನ ಮಂಡಿಯ ಮೇಲ್ಭಾಗ ನೋಯಲು ಶುರುವಾದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. "ಜಿಗದಾಡೋದು ಕಮ್ಮಿ ಮಾಡಿದ್ರ ತಾನೇ ಹೋಗ್ತದ" ಎಂದಳು ಅವ್ವ. ಜಿಗಿಯುವುದು ನಿಲ್ಲಿಸಿದೆ, ನೋವು ನಿಲ್ಲಲಿಲ್ಲ. ಸುಮ್ಮನೆ ಮಲಗಿದಾಗಲೇ ಹೆಚ್ಚಾಗುತ್ತಿತ್ತು. ಓಣಿಯ ಒಬ್ಬ ಅಜ್ಜಿ ಬಂದು ಎಣ್ಣೆ ಹಾಕಿ ತಿಕ್ಕಿದಳು. ಬೇಸಿಗೆ ಮುಗಿಯುವ ಹೊತ್ತಿಗೆ ಮಂಡಿಯ ಮೇಲೆ ಒಂದು ಬಾವು ಎದ್ದು ಕಲ್ಲಿನಷ್ಟು ಗಟ್ಟಿಯಾಯಿತು.

ಆಗ ಅಪ್ಪ ಮಿಲ್ಲಿಗೆ ರಜೆ ಹಾಕಿ ನನ್ನನ್ನು ಊರಿನ ಡಾಕ್ಟರ ಬಳಿ ಕರೆದೊಯ್ದ. ಅವರು ಎಕ್ಸ್‌ರೇ ತೆಗೆಸಿ ಕಿಟಕಿಯ ಬೆಳಕಿಗೆ ಹಿಡಿದರು. ನಾನೂ ಇಣುಕಿದೆ. ಮೂಳೆ ಎಲ್ಲ ಕಡೆ ನುಣ್ಣಗಿತ್ತು. ಮಂಡಿಯ ಮೇಲೆ ಮಾತ್ರ ಅಂಚು ಒಡೆದು, ಚಿಕ್ಕ ಮಕ್ಕಳು ಬರೆಯುವ ಸೂರ್ಯನ ಹಾಗೆ ಸುತ್ತಲೂ ಗೀರುಗಳು ಹೊರಟಿದ್ದವು.

"ಇದನ್ನ ಯಾರೂ ಮುಟ್ಟಬ್ಯಾಡ್ರಿ, ತಿಕ್ಕಬ್ಯಾಡ್ರಿ" ಎಂದರು ಡಾಕ್ಟರು. "ದೊಡ್ಡ ದವಾಖಾನಿಗೆ ಹೋಗ್ರಿ. ನಾಳೆನೇ ಹೋಗ್ರಿ."

ಮರುದಿನ ಮುಂಗಾರಿನ ಮೊದಲ ಮಳೆ. ಯಾದಗಿರಿಯ ಬಸ್ಸು ಭೀಮಾ ನದಿಯ ಸೇತುವೆ ದಾಟುವಾಗ ನೀರು ಕೆಂಪಗೆ ತಿರುಗಿತ್ತು. ಯಾದಗಿರಿಯಲ್ಲಿ ಹೈದರಾಬಾದಿನ ಬಸ್ಸು ಹಿಡಿದೆವು. ಗುರುಮಠಕಲ್ಲಿನಲ್ಲಿ ಬಸ್ಸು ನಿಂತಾಗ ಗಂಟು ಹೊತ್ತುಕೊಂಡು ನಮ್ಮ ನೀಲಮ್ಮತ್ತಿ ಹತ್ತಿದಳು. ಅಪ್ಪನ ಅಕ್ಕ, ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ, ಮಿರ್ಚಿಬಜಿ ಅಂಗಡಿ ಇಟ್ಟವಳು. ತೆಲುಗು ಅವಳಿಗೆ ಕನ್ನಡದಷ್ಟೇ ಸಲೀಸು. ದವಾಖಾನೆಯಲ್ಲಿ ಮಾತಾಡಲು ಒಬ್ಬರು ಬೇಕೆಂದು ಅಪ್ಪ ಫೋನ್ ಮಾಡಿ ಕರೆದಿದ್ದ.

"ಏನ್ ಮಲ್ಲ್ಯಾ, ಮಣ್ಣಿಗೆ ಹೊಂಟಂಗ ಮಾರಿ ಮಾಡ್ಕೊಂಡು ಕುಂತೀರಲ್ಲ? ಪೋರಿ ನಿಮ್ಮ ಮಾರಿ ನೋಡೇ ಅರ್ಧ ಸಾಯ್ತಾಳ" ಎಂದು ಬೈದು, ನನ್ನ ಪಕ್ಕ ಕೂತು ಬಿಸಿ ಬಜಿಯ ಪೊಟ್ಟಣ ಬಿಚ್ಚಿದಳು. ಬಸ್ಸಿನ ಕಿಟಕಿಯಾಚೆ ಬೋರ್ಡುಗಳ ಅಕ್ಷರ ಬದಲಾದವು. ನಾನು ಬಜಿ ತಿನ್ನುತ್ತ ಅವನ್ನು ಓದಲು ನೋಡಿದೆ. ನಿಜ ಹೇಳಬೇಕೆಂದರೆ, ನೋವಿದ್ದರೂ ನನಗೆ ಆ ಪ್ರಯಾಣ ಖುಷಿ ಕೊಟ್ಟಿತ್ತು. ಅಲ್ಲಿಯವರೆಗೆ ನಾನು ಗುರುಮಠಕಲ್ ದಾಟಿದವಳೇ ಅಲ್ಲ.

ಹೈದರಾಬಾದಿನ ಆಸ್ಪತ್ರೆಯಲ್ಲಿ ದೊಡ್ಡ ಯಂತ್ರದೊಳಗೆ ಮಲಗಿಸಿ ಕಾಲಿನ ಫೋಟೋ ತೆಗೆದರು. ಸೂಜಿ ಹಾಕಿ ಗಡ್ಡೆಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಎದೆಯ ಸ್ಕ್ಯಾನ್ ಕೂಡ ಮಾಡಿದರು. ಎಲ್ಲ ಫಲಿತಾಂಶ ಕೈಗೆ ಬಂದ ದಿನ ನಮ್ಮನ್ನು ಕರೆಸಿದ್ದು ಒಬ್ಬ ಹೆಣ್ಣು ಡಾಕ್ಟರು. ಸಣಕಲು ದೇಹ, ದಪ್ಪ ಕನ್ನಡಕ. ತೆಲುಗಿನಲ್ಲಿ ನಿಧಾನವಾಗಿ ಹೇಳುತ್ತ ಹೋದರು. ಅತ್ತಿ ಕನ್ನಡದಲ್ಲಿ ಹೇಳುತ್ತ ಬಂದಳು.

ನನಗಿದ್ದದ್ದು ಆಸ್ಟಿಯೋಸಾರ್ಕೋಮಾ ಎಂಬ ಮೂಳೆಯ ಕ್ಯಾನ್ಸರ್. ಬಹಳ ಅಪರೂಪದ್ದು. ಬೆಳೆಯುವ ವಯಸ್ಸಿನ ಮಕ್ಕಳಿಗೆ, ಮೂಳೆ ಜೋರಾಗಿ ಬೆಳೆಯುವ ಜಾಗದಲ್ಲೇ ಬರುವುದು ಹೆಚ್ಚು. ಬಿದ್ದದ್ದರಿಂದ ಬಂದದ್ದಲ್ಲ, ತಿಂದದ್ದರಿಂದ ಬಂದದ್ದಲ್ಲ, ಯಾರಿಗೂ ಅಂಟುವುದಿಲ್ಲ. ಇದು ರಕ್ತದ ಮೂಲಕ ಮೊದಲು ಓಡುವುದು ಪುಪ್ಪುಸಕ್ಕೆ, ಅದಕ್ಕೇ ಎದೆ ನೋಡಿದ್ದು. "ಎದಿ ಸಾಫ್ ಅದಂತ ನೋಡು!" ಎಂದು ಅತ್ತಿ ನನ್ನ ಬೆನ್ನಿಗೆ ಬಡಿದಳು. ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಗಳು ಎಲ್ಲಾದರೂ ಇರಬಹುದು, ಆದ್ದರಿಂದ ಮೊದಲು ಔಷಧಿ, ಆಮೇಲೆ ಆಪರೇಷನ್, ಮತ್ತೆ ಔಷಧಿ. ಹೆಚ್ಚು ಕಡಿಮೆ ಒಂದು ವರ್ಷ ಹಿಡಿಯುತ್ತದೆ. ಗುಣವಾಗುವ ಸಾಧ್ಯತೆ ಚೆನ್ನಾಗಿದೆ, ಆದರೆ ಯಾರೂ ಗ್ಯಾರಂಟಿ ಕೊಡಲಾರರು.

ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ನನಗೆ ಮಾತ್ರ ಏನೋ ಹಗುರವಾಯಿತು. ಎರಡು ತಿಂಗಳಿನಿಂದ ಹೆಸರಿಲ್ಲದೆ ನನ್ನನ್ನು ತಿನ್ನುತ್ತಿದ್ದುದಕ್ಕೆ ಈಗ ಹೆಸರಿತ್ತು. ಅದು ಎಲ್ಲಿ ಹುಟ್ಟುತ್ತದೆ, ಎಲ್ಲಿಗೆ ಓಡುತ್ತದೆ ಎಂದು ಗೊತ್ತಿದ್ದವರು ನನ್ನೆದುರೇ ಕೂತಿದ್ದರು.

ಔಷಧಿ ಶುರುವಾಯಿತು. ಅದರಲ್ಲೊಂದು ಥೇಟ್ ರೂಹಫ್ಜಾ ಶರಬತ್ತಿನ ಬಣ್ಣದ್ದು. ಅದು ಏರಿದ ದಿನ ಉಚ್ಚೆಯೂ ಕೆಂಪಾಗುತ್ತಿತ್ತು. ವಾಂತಿ, ಬಾಯಿ ತುಂಬ ಹುಣ್ಣು, ಜ್ವರ. ಕೂದಲು ದಿಂಬಿನ ಮೇಲೇ ಉಳಿಯುತ್ತಿತ್ತು. ಅದನ್ನೆಲ್ಲ ಖುಷಿಯಿಂದ ನೆನೆಯುತ್ತೇನೆ ಎಂದರೆ ಸುಳ್ಳಾಗುತ್ತದೆ. ಆದರೆ ಪಕ್ಕದ ಮಂಚದಲ್ಲಿ ಶಾಹೀನ್ ಸಿಕ್ಕಳು. ಸುರಪುರದವಳು, ಕಾಲೇಜಿಗೆ ಹೋಗುವ ವಯಸ್ಸು, ನನ್ನದೇ ಕಾಯಿಲೆ, ನನ್ನದೇ ಜಾಗ. ನಾನು ಅತ್ತಾಗಲೆಲ್ಲ "ರೋ ನಕ್ಕೋ ಗೇ", ಅಳಬೇಡ ಎಂದು ಮೊದಲು ದಖ್ಖನಿಯಲ್ಲಿ ಗದರುವಳು. ಆಮೇಲೆ ಕನ್ನಡಕ್ಕೆ ಹೊರಳಿ, "ಔಷಧ ನಮಗ ಇಷ್ಟು ತ್ರಾಸ ಕೊಡ್ತದ ಅಂದ್ರ ಆ ಗಡ್ಡಿಗೆ ಎಷ್ಟು ಕೊಡ್ತಿರಬೇಕು, ವಿಚಾರ ಮಾಡು!" ಎನ್ನುವಳು. ಹಾಗೆ ವಿಚಾರ ಮಾಡಿದರೆ ವಾಂತಿ ಮಾಡುವಾಗಲೂ ಗೆದ್ದಂತೆ ಅನಿಸುತ್ತಿತ್ತು.

ಗಣಪತಿ ಹಬ್ಬ ಕಳೆದ ಮೇಲೆ ಡಾಕ್ಟರಮ್ಮ ಮತ್ತೆ ನಮ್ಮನ್ನೆಲ್ಲ ಕೂರಿಸಿಕೊಂಡರು. ಆ ಮಾತುಕತೆ ನನ್ನ ಕಣ್ಣ ಮುಂದೆ ಇಂದಿಗೂ ಹಾಗೇ ಇದೆ. ದಾರಿ ಮೂರಿವೆ ಎಂದರು. ಒಂದು, ತೊಡೆಯಿಂದ ಕಾಲು ತೆಗೆಯುವುದು. ಎರಡು, ಕೆಟ್ಟ ಮೂಳೆಯನ್ನಷ್ಟೇ ಮಂಡಿಯ ಸಮೇತ ತೆಗೆದು ಅಲ್ಲಿ ಲೋಹದ ಕೀಲು ಕೂರಿಸುವುದು. ಹೊರಗಿನಿಂದ ಕಾಲು ಕಾಲಿನಂತೆಯೇ ಕಾಣುತ್ತದೆ. ಶಾಹೀನಳಿಗೆ ಇದನ್ನೇ ಮಾಡುತ್ತಾರೆ, ಅವಳ ಬೆಳವಣಿಗೆ ಮುಗಿದಿದೆ. ನನಗೂ ಮಾಡಬಹುದು. ಆದರೆ ಎಡಗಾಲು ಬೆಳೆಯುತ್ತ ಹೋದಂತೆ ಬಲಗಾಲು ಹಿಂದೆ ಬೀಳುತ್ತದೆ, ಅದನ್ನು ಉದ್ದ ಮಾಡಲು ಮತ್ತೆ ಮತ್ತೆ ಕೊಯ್ಯಬೇಕು. ಓಡುವುದು, ಜಿಗಿಯುವುದು ಬಿಡಬೇಕು.

ಮೂರನೆಯದನ್ನು ಹೇಳಲು ಶುರುಮಾಡಿದಾಗ ಅತ್ತಿಯ ಅನುವಾದ ನಿಂತುಬಿಟ್ಟಿತು. ಕಾಲಿಗೆ ತೆಲುಗಿನಲ್ಲೂ ಕಾಲೆಂದೇ ಅನ್ನುವುದರಿಂದ ಆ ಮಾತು ಪದೇ ಪದೇ ಬರುತ್ತಿದ್ದುದು ನನಗೆ ಕೇಳುತ್ತಿತ್ತು.

"ಏನಂತಾರತ್ತಿ?"

"ತಿರುವಿ ಇಡ್ತಾರಂತ."

"ಏನು?"

"ನಿನ್ನ ಪಾದ."

ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬಿಡಿಸಿ, ತಮ್ಮ ಕೈ ತಿರುಗಿಸಿ ತೋರಿಸಿದರು. ಮಂಡಿ, ಅದರ ಮೇಲಿನ ಕೆಟ್ಟ ಮೂಳೆ, ಆ ಭಾಗವನ್ನೆಲ್ಲ ತೆಗೆದುಹಾಕುತ್ತಾರೆ. ಕೆಳಗಿನ ಕಾಲು ಚೆನ್ನಾಗಿದೆ, ಅದನ್ನೇಕೆ ಎಸೆಯಬೇಕು? ಅದನ್ನು ಮೇಲಕ್ಕೆತ್ತಿ ತೊಡೆಗೆ ಜೋಡಿಸುತ್ತಾರೆ. ನರವನ್ನು ಕತ್ತರಿಸುವುದಿಲ್ಲ. ಜೋಡಿಸುವಾಗ ಹಿಂದುಮುಂದಾಗಿ ಜೋಡಿಸುತ್ತಾರೆ, ಹಿಮ್ಮಡಿ ಮುಂದೆ, ಬೆರಳು ಹಿಂದೆ. ಆಗ ಪಾದದ ಕೀಲು ಮಂಡಿಯ ಜಾಗಕ್ಕೆ ಬಂದು ಕೂರುತ್ತದೆ. ಬೆರಳುಗಳನ್ನು ಕೆಳಗೆ ಚಾಚಿದರೆ ಕಾಲು ನೆಟ್ಟಗೆ, ಮೇಲೆ ಎತ್ತಿದರೆ ಮಂಡಿ ಮಡಚಿದಂತೆ. ಅದರ ಕೆಳಗೆ ಕೃತಕ ಕಾಲು. ಈಗ ಆ ಹೊಸ ಮಂಡಿ ಎಡ ಮಂಡಿಗಿಂತ ತುಸು ಕೆಳಗಿರುತ್ತದೆ. ನಾನು ದೊಡ್ಡವಳಾಗುವ ಹೊತ್ತಿಗೆ ಎಡಗಾಲು ಬೆಳೆದು ಎರಡೂ ಸಮವಾಗುತ್ತವೆ. ಅದಕ್ಕೆ ಎಷ್ಟು ಬಿಡಬೇಕೆಂದು ಈಗಲೇ ಲೆಕ್ಕ ಹಾಕುತ್ತಾರೆ!

ಕುರ್ಚಿಯಲ್ಲಿ ಕೂತಲ್ಲೇ ಒಳ್ಳೆಯ ಎಡಗಾಲಿನ ಬೆರಳು ಮೇಲೆ ಕೆಳಗೆ ಆಡಿಸಿ ನೋಡಿದೆ. ಹೌದು, ಪಾದದ ಕೀಲು ಮಂಡಿಯಂತೆಯೇ ಮಡಚುತ್ತದೆ, ಆದರೆ ದಿಕ್ಕು ಉಲ್ಟಾ. ಉಲ್ಟಾ ಇರುವುದನ್ನು ಉಲ್ಟಾ ಇಟ್ಟರೆ ಸರಿಯಾಗುತ್ತದೆ! ಇಷ್ಟು ಸುಲಭದ ಮಾತು ಯಾರಿಗೆ, ಹೇಗೆ ಹೊಳೆದಿರಬಹುದು? ಡಾಕ್ಟರಮ್ಮ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಅಂಥದೇ ಕಾಲಿನ ಹುಡುಗಿಯೊಬ್ಬಳು ಮೆಟ್ಟಿಲನ್ನು ಎಡ, ಬಲ, ಎಡ, ಬಲ ಎಂದು ಹತ್ತುತ್ತಿದ್ದಳು. ತುದಿಗೆ ಹೋಗಿ ಕೆಳಗಿನ ಮರಳಿಗೆ ಜಿಗಿದಳು.

"ನನಗ ಇದಾ ಬೇಕು" ಎಂದೆ.

"ಬ್ಯಾಡ!" ಅವ್ವನ ದನಿಗೆ ಕೋಣೆ ನಡುಗಿತು. "ಹಿಂದಮುಂದ ಪಾದ ಇರೋದು ದೆವ್ವಕ್ಕ. ನನ್ನ ಮಗಳಿಗ್ಯಾಕ ಅಂಥದು? ಓಣ್ಯಾಗ ಏನಂತಾರ? ನಾಳಿಗಿ ಈಕಿನ್ನ ಯಾರ ಕರಕೊಂಡು ಹೋಗ್ತಾರ? ಆ ಲೋಹದ್ದು ಹಾಕಸ್ರಿ. ನೋಡಾಕರ ಛಂದ ಇರ್ತದ."

ಅವ್ವ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಮ್ಮ ಕಡೆ ಮಕ್ಕಳನ್ನು ಹೆದರಿಸಲು ಹೇಳುವ ಕಥೆಗಳಲ್ಲೆಲ್ಲ ದೆವ್ವದ ಗುರುತು ಅದೇ. ಅಪ್ಪ ನೆಲ ನೋಡುತ್ತ ಕೂತಿದ್ದವನು ಕೊನೆಗೆ ನನ್ನ ಕಡೆ ತಿರುಗಿದ. "ಅಂಬಿ, ನಿನಗ ಇದು ತಿಳದದೇನವ್ವಾ? ಒಮ್ಮಿ ಮಾಡಿದ್ರಂದ್ರ ವಾಪಸ್ ತಿರುವಾಕ ಬರಂಗಿಲ್ಲ."

"ತಿಳದದಪ್ಪ. ಲೋಹದ್ದು ಹಾಕಿದ್ರ ಮಂದಿ ನೋಡಾಕ ಛಂದ. ನಾ ಓಡಂಗಿಲ್ಲ. ಇದು ಹಾಕಿದ್ರ ಮಂದಿಗಿ ಛಂದ ಕಾಣಂಗಿಲ್ಲ. ನಾ ಓಡ್ತೀನಿ. ಪ್ಯಾಂಟ್ ಹಾಕ್ಕೊಂಡ್ರ ಯಾರಿಗಿ ಕಾಣ್ತದ?"

ಅತ್ತಿ ಮೂಗೊರೆಸಿಕೊಂಡಳು. "ದೇವಮ್ಮ, ಪೋರಿ ನಮ್ಮೆಲ್ಲರಕಿಂತ ಛಲೋ ತಿಳಕೊಂಡಾಳ ನೋಡು. ಆಕಿ ಕಾಲು, ಆಕಿನೇ ಹೇಳಲಿ."

"ನಿಮ್ಮ ಮಗಳಿದ್ರ ಹಿಂಗಂತಿದ್ರೇನ್ರಿ ಯಕ್ಕಾ?" ಎಂದು ಅವ್ವ ಎದ್ದು ಹೊರಗೆ ಹೋದಳು. ಅಪ್ಪ ಅವಳ ಹಿಂದೆ ಹೋದ. ಆಸ್ಪತ್ರೆಯ ಅಂಗಳದ ಕಟ್ಟೆಯ ಮೇಲೆ ಇಬ್ಬರೂ ಬಹಳ ಹೊತ್ತು ಕೂತಿದ್ದರು. ವಾಪಸ್ ಬಂದಾಗ ಅವ್ವ ಡಾಕ್ಟರಮ್ಮನ ಮುಂದೆ ಕೈಮುಗಿದಳು. "ಜೀವ ಉಳಸ್ರಿ. ಪಾದ ಹ್ಯಾಂಗರ ಇಡ್ರಿ" ಎಂದಳಷ್ಟೆ. ಅದು ಒಪ್ಪಿಗೆಯಲ್ಲ, ಸೋತವಳ ಮಾತು ಎಂಬುದು ನನಗೂ ಗೊತ್ತಾಯಿತು.

ಆಪರೇಷನ್ ಬೆಳಗಿನಿಂದ ಸಂಜೆಯವರೆಗೆ ನಡೆಯಿತಂತೆ. ಎಚ್ಚರವಾದಾಗ ನಾನು ಕೇಳಿದ ಮೊದಲ ಮಾತು, "ಬೆರಳು ಆಡ್ತಾವೇನು?" ಬ್ಯಾಂಡೇಜಿನ ತುದಿಯಿಂದ ಐದು ಬೆರಳು ಹೊರಗಿದ್ದವು, ಹಿಂದಕ್ಕೆ ಮುಖ ಮಾಡಿಕೊಂಡು. ಡಾಕ್ಟರಮ್ಮ ಹೆಬ್ಬೆರಳು ಮುಟ್ಟಿ, ಆಡಿಸಲು ಸನ್ನೆ ಮಾಡಿದರು. ನಾನು ಮನಸ್ಸಿನಲ್ಲಿ ಅದನ್ನು ಕರೆದೆ. ಎಲ್ಲೋ ದೂರದಲ್ಲಿದ್ದವರನ್ನು ಕೂಗಿ ಕರೆದ ಹಾಗೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹೆಬ್ಬೆರಳು ಚೂರೇ ಚೂರು ಅಲುಗಿತು. ಅತ್ತಿ ವಾರ್ಡಿನಲ್ಲೇ "ಹೋ!" ಎಂದು ಕೂಗಿ ನರ್ಸಿನಿಂದ ಬೈಸಿಕೊಂಡಳು.

ಕೆಲವು ವಾರಕ್ಕೆ ಇನ್ನೊಂದು ಸುದ್ದಿ ಬಂತು. ತೆಗೆದ ಮೂಳೆಯನ್ನು ಚೂರು ಚೂರು ಮಾಡಿ ಪರೀಕ್ಷಿಸಿದ್ದರು. ಗಡ್ಡೆಯ ಬಹುಪಾಲು ಆಪರೇಷನ್ನಿಗೆ ಮೊದಲೇ ಸತ್ತಿತ್ತು. ಔಷಧಿ ಅದಕ್ಕೆ ನಾಟಿತ್ತು. ಕೊಯ್ದ ಜಾಗದ ಅಂಚುಗಳಲ್ಲೂ ಏನೂ ಉಳಿದಿರಲಿಲ್ಲ. ಆ ಕೆಂಪು ಔಷಧಿಯ ಮೇಲೆ ನನಗೆ ಒಮ್ಮೆಲೇ ಪ್ರೀತಿ ಬಂತು. ಹೊಸ ಲೋಹದ ಮಂಡಿಯ ಶಾಹೀನ್ ವಾಕರ್ ಹಿಡಿದು ನನ್ನ ಮಂಚದವರೆಗೆ ನಡೆದು ಬಂದು ಕೈ ಕುಲುಕಿದಳು. ಅವಳ ದಾರಿ ಅವಳಿಗೆ ಸರಿಯಾಗಿತ್ತು, ನನ್ನದು ನನಗೆ.

ಅವ್ವ ಮಾತ್ರ ನನ್ನ ಬಲಗಾಲನ್ನು ನೋಡುತ್ತಿರಲಿಲ್ಲ. ಉಣಿಸುವಳು, ತಲೆ ಒರೆಸುವಳು, ರಾಯಚೂರಿನಿಂದ ಬಂದ ಸಂಬಂಧಿಕರಿಗೆ ನನ್ನ ಸುದ್ದಿ ಹೇಳುವಳು. ಡ್ರೆಸಿಂಗ್ ಬದಲಿಸುವಾಗ ಕಿಟಕಿಯ ಕಡೆ ತಿರುಗಿ ನಿಲ್ಲುವಳು. ಉಳಿದ ಹೊತ್ತಿನಲ್ಲಿ ಅದರ ಮೇಲೆ ಚಾದರ ಎಳೆದುಬಿಡುವಳು. ಅದರಿಂದ ನನಗೆ ನೋವಾಗುತ್ತಿತ್ತು, ಗಾಯಕ್ಕಿಂತ ಹೆಚ್ಚು.

ಒಂದು ಮಧ್ಯಾಹ್ನ ಔಷಧಿ ಏರುತ್ತಿತ್ತು. ಒಂದು ಕೈಗೆ ಸಲೈನ್ ಸೂಜಿ, ಇನ್ನೊಂದಕ್ಕೆ ಬಿಪಿ ನೋಡುವ ಪಟ್ಟಿ. ಅಷ್ಟರಲ್ಲಿ ಚಾದರದೊಳಗೆ ಸೇರಿದ ಸೊಳ್ಳೆ ಬಲ ಪಾದಕ್ಕೆ ಕಚ್ಚಿತು. ತಡೆಯಲಾರದ ತುರಿಕೆ.

"ಯವ್ವಾ, ಅಂಗಾಲು ತಿಂತದ. ಕೆರಿ."

"ಯಾವ ಕಾಲು?"

"ಬಲಗಾಲು."

ಅವ್ವ ಚಾದರ ಸರಿಸದೆ ಒಳಗೇ ಕೈ ಹಾಕಿದಳು. ಅಭ್ಯಾಸದಂತೆ ಮಂಚದ ತುದಿಯ ಕಡೆ ತಡಕಾಡಿದಳು, ಅಲ್ಲಿ ಪಾದವಿರಲಿಲ್ಲ. "ಮ್ಯಾಲ ಬಾ. ಇನ್ನೂ ಮ್ಯಾಲ" ಎಂದೆ. ಅವಳ ಬೆರಳು ಅಂಗಾಲಿಗೆ ತಾಗಿ ನಿಂತವು. ಮೆಲ್ಲಗೆ ಕೆರೆದಳು. ಕೆರೆದದ್ದೇ ನನಗೆ ಕಚಗುಳಿಯಾಗಿ ಕಿಲಕಿಲನೆ ನಕ್ಕೆ. ಐದೂ ಬೆರಳು ಮುದುಡಿಕೊಂಡವು. ಚಿಕ್ಕವಳಿದ್ದಾಗಿನಿಂದ ನನ್ನ ಅಂಗಾಲು ಹಾಗೇ. ಮೈಗೆ ನೀರೆರೆಯುವಾಗ ಅವ್ವ ಕಲ್ಲಿನಿಂದ ಉಜ್ಜಲು ಬಂದರೆ ಬಚ್ಚಲುಮನೆಯೆಲ್ಲ ನೀರು ಚೆಲ್ಲಾಡುತ್ತಿದ್ದೆ.

ಅವ್ವ ನನ್ನ ಮುಖ ನೋಡಿದಳು. ಇನ್ನೊಮ್ಮೆ ಕೆರೆದಳು. ನಾನು ಇನ್ನೊಮ್ಮೆ ನಕ್ಕೆ. ಅವಳು ಚಾದರ ಪೂರ್ತಿ ಸರಿಸಿದಳು.

"ಇದು ಅದಾ ಪಾದ ಐತಲ್ಲೇ" ಎಂದಳು, ಯಾರಿಗೋ ಹೇಳುವಂತೆ. "ನಾ ಎರದ ಪಾದನೇ ಇದು." ಎರಡೂ ಕೈಯಿಂದ ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡಳು. ಅವಳ ಕಣ್ಣೀರು ನನ್ನ ಹಿಮ್ಮಡಿಗೆ ಇಳಿದದ್ದು ಬಿಸಿಬಿಸಿಯಾಗಿ ತಿಳಿಯಿತು. ಮಂಡಿ ಇರಬೇಕಾದ ಜಾಗದಲ್ಲಿ. ಆ ದಿನದಿಂದ ಆ ಪಾದದ ಉಗುರು ತೆಗೆಯುವುದು, ಎಣ್ಣೆ ಹಚ್ಚುವುದು ಅವಳದೇ ಕೆಲಸವಾಯಿತು. ನರ್ಸ್ ಬಂದರೂ ಬಿಟ್ಟುಕೊಡುತ್ತಿರಲಿಲ್ಲ.

ಊರಲ್ಲಿ ಹತ್ತಿ ಬಿಡಿಸಿ, ಜೋಳ ಕೊಯ್ದು, ಬಿಸಿಲು ಏರುವ ಹೊತ್ತಿಗೆ ನನ್ನ ಔಷಧಿ ಮುಗಿಯಿತು. ಎದೆಯ ಸ್ಕ್ಯಾನ್ ಮತ್ತೆ ಸಾಫ್ ಬಂತು. ಕಾಲು ಮಾಡುವ ಜಾಗಕ್ಕೆ ಮೊದಲ ಸಲ ಹೋದದ್ದು ಆಗಲೇ. ಪಾದದ ಅಚ್ಚು ತೆಗೆದು, ಬಿಸಿ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ರೊಟ್ಟಿಯಂತೆ ಹೊದಿಸಿ, ಕೊರೆದು, ತಿದ್ದಿ, ಒಂದು ಬೆಳಿಗ್ಗೆ ಕಾಲು ತಂದು ಮುಂದಿಟ್ಟರು. ನನ್ನ ಪಾದ ಬೆರಳು ಕೆಳಗಾಗಿ ಅದರೊಳಗೆ ಇಳಿಯಿತು. ಎರಡು ಕಂಬಿಗಳ ನಡುವೆ ನಿಲ್ಲಿಸಿದರು. ಕಲಿಸುವವನು ಬೆರಳು ಮೇಲೆತ್ತಲು ಹೇಳಿದ. ಎತ್ತಿದೆ. ಮಂಡಿ ಮಡಚಿತು! ಕೆಳಗೆ ಚಾಚು ಎಂದ. ಚಾಚಿದೆ. ಕಾಲು ನೆಟ್ಟಗಾಯಿತು. ಚಿತ್ರದಲ್ಲಿ ನೋಡಿದ್ದು, ಮನಸ್ಸಿನಲ್ಲಿ ಸಾವಿರ ಸಲ ಮಾಡಿದ್ದು, ನನ್ನ ಮೈಯಲ್ಲಿ ನಡೆಯಿತು. ನಾನು ಹುಚ್ಚಿಯಂತೆ ಮಡಚುತ್ತ ಚಾಚುತ್ತ ನಿಂತುಬಿಟ್ಟೆ. "ನಡೀಬೇ ಇನ್ನ!" ಎಂದು ಅತ್ತಿ ಹಿಂದಿನಿಂದ ಕೂಗಿದಳು. ನಡೆದೆ.

ಶಹಾಪುರಕ್ಕೆ ಬಂದ ಮೇಲೆ ಓಣಿಯವರು ಒಬ್ಬೊಬ್ಬರಾಗಿ ನೋಡಲು ಬಂದರು. ಒಬ್ಬಿಬ್ಬರು ಗುಸುಗುಸು ಎಂದರು. "ಬರ್ರಿ, ಛಲೋತ್ನಂಗ ನೋಡ್ರಿ, ಹ್ಯಾಂಗ ಮಾಡ್ಯಾರ ತೋರಸ್ತೀನಿ" ಎಂದು ಅವ್ವನೇ ಅವರನ್ನು ಕೂರಿಸಿ, ಡಾಕ್ಟರಮ್ಮನಂತೆ ತನ್ನ ಕೈ ತಿರುಗಿಸಿ ವಿವರಿಸಿದಳು. ಕೇಳಿದವರು ಬಾಯಿ ಬಿಟ್ಟು ಕೂತರು.

ಆ ಬೇಸಿಗೆಯ ಒಂದು ಬೆಳಿಗ್ಗೆ ಅಪ್ಪ ಪಕ್ಕದ ಮನೆಯವರ ಸೈಕಲ್ ಕೇಳಿ ತಂದ. ಕಾಲುವೆ ದಂಡೆಯ ಮಣ್ಣುದಾರಿಗೆ ಹೋದೆವು. ಒಂದು ಕಡೆ ಕಟಾವಾದ ಭತ್ತದ ಗದ್ದೆ, ಇನ್ನೊಂದು ಕಡೆ ಹರಿವ ನೀರು. ಅಪ್ಪ ಸೀಟಿನ ಹಿಂದೆ ಹಿಡಿದುಕೊಂಡ. ಮೊದಲು ಎಡಗಾಲು ಒತ್ತಿತು. ಬಲಗಾಲಿನ ಸರದಿ ಬಂದಾಗ, ಬೆರಳು ಎತ್ತಬೇಕು, ಈಗ ಚಾಚಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸೈಕಲ್ ಹೊಯ್ದಾಡಿತು. "ಹಿಡ್ಕೊಂಡೀನಿ, ಹಿಡ್ಕೊಂಡೀನಿ" ಎನ್ನುತ್ತ ಅಪ್ಪ ಜೊತೆಗೆ ಓಡಿದ. ಎತ್ತು, ಚಾಚು. ಎತ್ತು, ಚಾಚು. ಗಾಳಿ ಮುಖಕ್ಕೆ ಬಡಿಯತೊಡಗಿತು. ಆಗಷ್ಟೇ ಹುಟ್ಟುತ್ತಿದ್ದ ತಲೆಗೂದಲಿನ ಬುಡ ತಣ್ಣಗಾಯಿತು. ಕೊಕ್ಕರೆಗಳ ಹಿಂಡೊಂದು ಗದ್ದೆಯಿಂದೆದ್ದು ನನ್ನ ಜೊತೆ ಜೊತೆಗೆ ಸ್ವಲ್ಪ ದೂರ ಹಾರಿತು. ನಾನು ಅವನ್ನೇ ನೋಡುತ್ತಿದ್ದೆ.

"ಅಂಬೀ! ನಿಲ್ಲವ್ವಾ!"

ದನಿ ಬಹಳ ಹಿಂದಿನಿಂದ ಬಂತು. ತಿರುಗಿ ನೋಡಿದರೆ ಅಪ್ಪ ದಾರಿಯ ನಡುವೆ, ಸೊಂಟದ ಮೇಲೆ ಕೈಯಿಟ್ಟು, ಬಾಗಿ ಏದುಸಿರು ಬಿಡುತ್ತಿದ್ದ. ಯಾವಾಗ ಕೈ ಬಿಟ್ಟನೋ ನನಗೆ ಗೊತ್ತೇ ಇರಲಿಲ್ಲ. ಬೆರಳು ಎತ್ತು, ಚಾಚು ಎಂದು ಹೇಳಿಕೊಳ್ಳುವುದನ್ನು ನಾನು ಯಾವಾಗ ಮರೆತೆನೋ ಅದೂ ಗೊತ್ತಿರಲಿಲ್ಲ.

"ಆಗಂಗಿಲ್ಲಪ್ಪಾ!" ಎಂದು ಕೂಗಿ, ಮುಂದೆ ನೋಡಿ, ಇನ್ನೂ ಜೋರಾಗಿ ತುಳಿದೆ.